ಒಂದೇ ಡಬ್ಬಿಯ ಎರಡು ಕೆಂಪು

ಮಾರ್ಚ್ 4

ಅತ್ತಿಗೆಯವರಿಗೆ,

ನಾವೆಲ್ಲ ಕ್ಷೇಮ. ನೀವು ಕಳಿಸಿದ ಪೆಂಡೆಂಟುಗಳು ಮಾತ್ರ ಕ್ಷೇಮವಾಗಿಲ್ಲ. ಈ ಪತ್ರದ ಜೊತೆಗಿರುವ ತಗಡಿನ ಪೆಟ್ಟಿಗೆಯನ್ನು ಹುಷಾರಾಗಿ ತೆರೆಯಿರಿ, ಕೈ ಕೊಯ್ದೀತು. ಒಳಗಿರುವುದು ನಾಲ್ಕು ಪೆಂಡೆಂಟುಗಳ ಚೂರು. ನಾಲ್ಕೂ ಬಿಳಿ ಗಾಜಿನ ಮೇಲೆ ಕೆಂಪು ಹೂವಿನವು, ಅಪ್ಪ ಹೋದ ಮೇಲೆ ನೀವು ಮಾಡಿ ಕಳಿಸಿದವು.

ಮೊದಲನೆಯದು ಬ್ಯಾಂಕಿನ ಮೇಡಂ ಕೊಂಡದ್ದು. ಮೀಟಿಂಗಿನಲ್ಲಿ ಕೂತಿದ್ದಾಗ ಕೊರಳ ಹತ್ತಿರ ಟಿಕ್ ಎಂದು ಸದ್ದಾಗಿ ಅರ್ಧ ಪೆಂಡೆಂಟು ಅವರ ಟೀ ಕಪ್ಪಿಗೆ ಬಿತ್ತಂತೆ. ಅಂಗಡಿಗೆ ಬಂದು ಚೂರನ್ನು ಕೌಂಟರಿನ ಮೇಲಿಟ್ಟು, "ನಾನು ಮುಟ್ಟೂ ಇಲ್ಲ ಕಣ್ರೀ, ಸುಮ್ನೆ ಕೂತಿದ್ದೆ. ಕುಡಿದುಬಿಟ್ಟಿದ್ರೆ ಏನು ಗತಿ?" ಅಂದರು. ಅಲ್ಲಿದ್ದ ಗಿರಾಕಿಗಳೆಲ್ಲ ತಂತಮ್ಮ ಕೊರಳು ಮುಟ್ಟಿ ನೋಡಿಕೊಂಡರು. ನಾನು ನಾಚಿಕೆಯಿಂದ ಭೂಮಿಗೆ ಇಳಿದುಹೋದೆ. ಆಮೇಲೆ ಒಂದೊಂದಾಗಿ ಉಳಿದವು ಬಂದವು. ಒಂದು ಬಚ್ಚಲುಮನೆಯ ಮೊಳೆಗೆ ನೇತುಹಾಕಿದ್ದಲ್ಲೇ ಒಡೆದಿದೆ. ಒಂದು ಕಾಲೇಜು ಹುಡುಗಿಯ ಕೊರಳಲ್ಲಿ. ಇನ್ನೊಂದಂತೂ ಯಾರೂ ಕೊಳ್ಳುವ ಮೊದಲೇ ನನ್ನ ಅಂಗಡಿಯ ಕಪಾಟಿನಲ್ಲೇ ಬಿರುಕು ಬಿಟ್ಟುಕೊಂಡು ಕೂತಿತ್ತು.

ಅಪ್ಪನ ಕಾಲದಲ್ಲಿ ಒಂದೇ ಒಂದು ವಾಪಸು ಬಂದದ್ದಿಲ್ಲ. ಪ್ರತಿ ಪೆಂಡೆಂಟಿನ ಜೊತೆ ಕೊಡುವ ಚೀಟಿಯಲ್ಲಿ ಈಗಲೂ ಇರುವುದು ಅಪ್ಪನ ಹೆಸರೇ. ಬರ್ನರಿನಿಂದ ತೆಗೆದ ಗಾಜು ಕುಲುಮೆಯೊಳಗೆ ಮೆಲ್ಲಗೆ ಆರಬೇಕು, ಅವಸರ ಮಾಡಿದರೆ ಬಿಗಿತ ಒಳಗೇ ಉಳಿದು ಮುಂದೆ ಎಂದೋ ಒಡೆಯುತ್ತದೆ ಎಂದು ಅವರು ಹೇಳುತ್ತಿದ್ದದ್ದು ನನಗೂ ಗೊತ್ತು. ನೀವು ಅವಸರ ಮಾಡುತ್ತಿದ್ದೀರಿ. ಮನೆಕೆಲಸದ ನಡುವೆ ಮಾಡುತ್ತೀರಿ, ಒಪ್ಪಿದೆ. ಆದರೆ ಜನ ಬಂದು ಕೇಳುವುದು ನಿಮ್ಮನ್ನಲ್ಲ, ನನ್ನನ್ನು.

ಫೋನ್ ಮಾಡಬಹುದಿತ್ತು. ಮಾಡಿದರೆ ನೀವು ಎರಡು ಮಾತಾಡಿ ಅಣ್ಣನ ಕೈಗೆ ಕೊಡುತ್ತೀರಿ, ಅಣ್ಣ "ಹ್ಞೂಂ" ಅನ್ನುತ್ತಾನೆ. ಅದಕ್ಕೇ ಬರೆದೆ. ಇನ್ನು ಮುಂದೆ ಬಣ್ಣದ್ದು ಬೇಡ, ಬರೀ ತಿಳಿಗಾಜಿನವನ್ನು ಕಳಿಸಿ.

ಚೂಟಿ

*

ಮಾರ್ಚ್ 9

ಚೂಟಿಗೆ,

ಪೆಟ್ಟಿಗೆ ಬಂತು, ಪತ್ರವೂ ಬಂತು. ಕೈ ಕೊಯ್ದದ್ದು ಪೆಟ್ಟಿಗೆಯಲ್ಲ.

ನಾನು ಅವಸರ ಮಾಡುವವಳು ಎಂದು ಅಷ್ಟು ದೂರ ಕೂತು ಹೇಗೆ ಗೊತ್ತಾಯಿತು? ಪೆಂಡೆಂಟನ್ನು ಉರಿಯಿಂದ ತೆಗೆದವಳು ನೇರ ಕುಲುಮೆಗೆ ಹಾಕುತ್ತೇನೆ. ಕುಲುಮೆ ಸಂಜೆವರೆಗೆ ಒಂದೇ ಬಿಸಿಯಲ್ಲಿದ್ದು, ಆಮೇಲೆ ಇಳಿಯಲು ಶುರುವಾಗಿ, ಮರುದಿನ ನಾನು ಟೀ ಕುಡಿದು ಲೋಟ ತೊಳೆದಿಟ್ಟ ಮೇಲೆಯೇ ಅದರ ಬಾಗಿಲು ತೆರೆಯುವುದು. ಒಂದು ಸಲ ನಿಮ್ಮಣ್ಣ "ಸ್ವಲ್ಪ ನೋಡ್ಲಾ?" ಎಂದು ಹಿಡಿಗೆ ಕೈ ಹಾಕಿದ್ದಕ್ಕೆ ಸೌಟು ಹಿಡಿದು ಓಡಿಸಿದ್ದೇನೆ. ಬೇಕಾದರೆ ಅವರನ್ನೇ ಕೇಳು. "ಹ್ಞೂಂ" ಅನ್ನುತ್ತಾರೆ.

ಅವಸರದ ಬಿರುಕು ಹೇಗಿರುತ್ತದೆ ಎಂದು ನಿನಗೆ ಗೊತ್ತಿಲ್ಲ, ಹೇಳುತ್ತೇನೆ. ಕುಲುಮೆಯಲ್ಲಿ ಸರಿಯಾಗಿ ಆರದ ಗಾಜು ಈ ಕಡೆಯಿಂದ ಆ ಕಡೆಗೆ ಸೀಳುತ್ತದೆ. ದಾರ ಪೋಣಿಸುವ ಉಂಗುರ ತಣ್ಣಗಾಗಿ, ಕೆಳಗಿನ ಹೊಟ್ಟೆ ಇನ್ನೂ ಬಿಸಿಯಾಗಿದ್ದರೆ ಕುತ್ತಿಗೆಯಲ್ಲಿ ಮುರಿಯುತ್ತದೆ. ನೀನು ಕಳಿಸಿದ ನಾಲ್ಕರಲ್ಲಿ ಒಂದೂ ಹಾಗಿಲ್ಲ. ಉಂಗುರಗಳು ನಾಲ್ಕೂ ಗಟ್ಟಿಮುಟ್ಟಾಗಿವೆ. ಹೇಗೆ ಒಡೆದಿದೆ ಎಂದು ನಾನಿನ್ನೂ ನೋಡುತ್ತಿದ್ದೇನೆ. ಅಷ್ಟರಲ್ಲಿ ನೀನು ನಿನ್ನ ಕಪಾಟಿನೊಳಗೆ ಉರಿಸುವ ಬಲ್ಬುಗಳನ್ನು ಒಮ್ಮೆ ಮುಟ್ಟಿ ನೋಡು. ಹಗಲೆಲ್ಲ ಗಾಜನ್ನು ಕಾಯಿಸಿ, ಸಂಜೆ ಬಾಗಿಲು ಹಾಕಿಕೊಂಡು ಹೋಗುವವಳು ನೀನು. ಬಚ್ಚಲುಮನೆಯ ಮೊಳೆಗೆ ನೇತುಹಾಕಿದವರಿಗೆ ಬಿಸಿನೀರಿನ ಹಬೆ ಕಾಣಿಸಲಿಲ್ಲವೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಆ ಎಮ್ಮೆ ನಾನೇ ಆಗಬೇಕೇ?

ಇನ್ನೊಂದು ಮಾತು. ಮಾವನ ಕಾಲದಲ್ಲಿ ಒಂದೂ ವಾಪಸು ಬಂದಿಲ್ಲ ಎಂದೆ. ಕೊನೆಯ ನಾಲ್ಕು ವರ್ಷ ಮಾವನ ಕೈ ನಡುಗುತ್ತಿತ್ತು. ಗಾಜಿನ ಕಡ್ಡಿ ಹಿಡಿದರೆ ಉರಿಯೊಳಗೆ ನಿಲ್ಲುತ್ತಿರಲಿಲ್ಲ. ಆ ನಾಲ್ಕು ವರ್ಷ ನೀನು ಮಾರಿದ್ದನ್ನೆಲ್ಲ ಯಾರು ಮಾಡಿದರು ಅಂದುಕೊಂಡಿದ್ದೆ? ಚೀಟಿಯಲ್ಲಿರುವ ಹೆಸರು ಎದ್ದು ಬಂದು ಮಾಡಿತೇ?

ತಿಳಿಗಾಜಿನವನ್ನು ಬೇರೆ ಕಳಿಸಿದ್ದೇನೆ. ಬಣ್ಣದ ಕೆಲಸವನ್ನು ನಾನು ಬಿಡುವುದಿಲ್ಲ. ನೀನು ಬೇಡ ಎಂದರೆ ನಮ್ಮ ಮನೆಯ ಕಿಟಕಿಗೆ ಕಟ್ಟಿಕೊಳ್ಳುತ್ತೇನೆ.

ಅತ್ತಿಗೆ

*

ಮಾರ್ಚ್ 16

ಅತ್ತಿಗೆಯವರಿಗೆ,

ಬಲ್ಬಿನ ಮಾತು ಓದಿ ನಗು ಬಂತು. ನನ್ನ ಕಪಾಟಿನಲ್ಲಿರುವುದು ಎಲ್‌ಇಡಿ. ಅದರ ಮೇಲೆ ಬೆಕ್ಕು ಮಲಗಿದರೂ ಬೆಚ್ಚಗಾಗುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಇನ್ನೂ ಮೂರು ವಾಪಸು ಬಂದಿವೆ. ಮೂರೂ ಕೆಂಪು ಹೂವಿನವೇ. ಚೂರುಗಳನ್ನು ಈ ಸಲವೂ ಕಳಿಸಿದ್ದೇನೆ, ಕೂತು ನೋಡಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಪಕ್ಕದ ಅಂಗಡಿಯವನು ಮೊನ್ನೆ ನಗುತ್ತಾ, "ಏನಕ್ಕಾ, ನಿಮ್ಮಲ್ಲಿ ಪೆಂಡೆಂಟ್ ಅರ್ಧ ಅರ್ಧನೂ ಸಿಗುತ್ತಂತೆ?" ಎಂದು ಕೇಳಿದ.

ಅದಕ್ಕೇ ಒಂದು ತೀರ್ಮಾನ ಮಾಡಿದ್ದೇನೆ. ಮೇಜು, ಬರ್ನರ್, ಕುಲುಮೆ ಮೂರೂ ಅಪ್ಪನವು. ಅಂದರೆ ಈಗ ಅಣ್ಣನವು ಮತ್ತು ನನ್ನವು. ನನ್ನ ಅಂಗಡಿಯ ಹಿಂದೆ ಒಂದು ಕೋಣೆ ಖಾಲಿ ಇದೆ. ಅಲ್ಲಿಗೆ ತರಿಸಿಕೊಂಡು, ಗಾಜಿನ ಕೆಲಸ ಬಲ್ಲ ಒಬ್ಬನನ್ನು ಕೂರಿಸುತ್ತೇನೆ. ಆಳು ಸಿಕ್ಕಿದ್ದಾನೆ. ಅಣ್ಣನನ್ನು ಕೇಳಿದೆ. "ನಿಂಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಮಾಡು" ಅಂದ. ಏಪ್ರಿಲ್ 20ಕ್ಕೆ ವ್ಯಾನು ಬರುತ್ತದೆ. ಕುಲುಮೆಯೊಳಗಿನ ಇಟ್ಟಿಗೆ ಅಲುಗದಂತೆ ಬಟ್ಟೆ ತುರುಕಿ ಕೊಡಿ. ನೀವೂ ಇಷ್ಟು ವರ್ಷ ದುಡಿದಿದ್ದೀರಿ, ಇನ್ನು ವಿಶ್ರಾಂತಿ ತೆಗೆದುಕೊಳ್ಳಿ.

ಅಪ್ಪನ ಕೈ ನಡುಗುತ್ತಿತ್ತು ಎಂದು ಬರೆದಿದ್ದೀರಿ. ನಾನು ಬಂದಾಗಲೆಲ್ಲ ಅವರು ಶಾಲಿನೊಳಗೆ ಕೈಯಿಟ್ಟು ಕೂತಿರುತ್ತಿದ್ದರು. ಚಳಿ ಅನ್ನುತ್ತಿದ್ದರು. ಮಗಳಿಗೆ ಇದನ್ನು ಹೇಳಬೇಕು ಎಂದು ನಿಮ್ಮಲ್ಲಿ ಯಾರಿಗೂ ಅನ್ನಿಸಲಿಲ್ಲ.

ಚೂಟಿ

*

ಮಾರ್ಚ್ 21

ವಿಶ್ರಾಂತಿ ಬೇಕೆಂದು ನಾನು ಯಾರ ಹತ್ತಿರ ಅರ್ಜಿ ಹಾಕಿದ್ದೆ?

ನಿನ್ನ ಪತ್ರ ಓದಿ, ನಿಮ್ಮಣ್ಣ ಲೈಬ್ರರಿಯಿಂದ ಬರುವವರೆಗೆ ಬಾಗಿಲಲ್ಲೇ ನಿಂತಿದ್ದೆ. ಚಪ್ಪಲಿ ಬಿಡಲೂ ಬಿಡಲಿಲ್ಲ.

"ಮೇಜು ಕೊಡ್ತೀನಿ ಅಂದ್ರಂತೆ?"

"ಕೊಡ್ತೀನಿ ಅಂದಿಲ್ಲ. ನಿಂಗೆ ಸರಿ ಅನ್ಸಿದ್ದು ಮಾಡು ಅಂದೆ."

"ಎರಡಕ್ಕೂ ಏನು ವ್ಯತ್ಯಾಸ?"

ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. "ಅವಳ ಜೊತೆ ಜಗಳ ಬೇಡ ಅಂತ..."

"ನನ್ನ ಜೊತೆ ಆಗ್ಬಹುದಾ?"

"ನೀನು ಹೇಗೂ ಆಡ್ತೀಯಲ್ಲ."

ದಿನವಿಡೀ ಲೈಬ್ರರಿಯಲ್ಲಿ ಜನರಿಗೆ "ಮಾತಾಡಬೇಡಿ" ಎಂದು ಹೇಳಿ ಹೇಳಿ, ಮನೆಯಲ್ಲೂ ಅದನ್ನೇ ರೂಢಿ ಮಾಡಿಕೊಂಡ ಮನುಷ್ಯ. ಅವರ ಮೇಲೆ ಸಿಟ್ಟು ಮಾಡಿಕೊಂಡರೆ ಸಿಟ್ಟೇ ದಂಡ. ಅದಕ್ಕೆ ನಿನಗೆ ಬರೆಯುತ್ತಿದ್ದೇನೆ.

ಲೆಕ್ಕ ಸರಿಯಾಗಿದೆ, ಮೇಜು ಮಗನದೂ ಮಗಳದೂ. ನಾನು ಎರಡೂ ಅಲ್ಲ. ಪಾಲು ನಿಮಗಿಬ್ಬರಿಗೆ, ಸುಟ್ಟ ಗಾಯ ನನಗೆ. ಹತ್ತು ವರ್ಷ ನಿಮ್ಮಪ್ಪನ ಪಕ್ಕದ ಸ್ಟೂಲಿನ ಮೇಲೆ ಕೂತು ಬೈಸಿಕೊಂಡಿದ್ದೇನೆ. "ಕಡ್ಡೀನ ಒಮ್ಮೆಲೆ ಉರಿಗೆ ನುಗ್ಗಿಸ್ಬೇಡ, ಮುಖಕ್ಕೆ ಸಿಡಿಯುತ್ತೆ. ಹೊಸಬರ ಮನೆಗೆ ಹೋದ ಹಾಗೆ ಹೊಸಿಲಲ್ಲಿ ನಿಂತು ಒಳಗೆ ಹೋಗು." "ಅದೇನು ಪೆಂಡೆಂಟೋ, ಆಲೂಗಡ್ಡೆಯೋ?" "ಉಂಗುರದ ಕಡೆ ನೋಡು, ಉಂಗುರ! ನೀನು ಹೂವಿನಲ್ಲಿ ಮೈ ಮರೆತರೆ ಉಂಗುರ ತಣ್ಣಗಾಗಿ ಸಾಯುತ್ತೆ." ಒಂದು ಸಲ ಅಳುತ್ತಾ ಎದ್ದು ಹೋದೆ. ಅಡುಗೆಮನೆಯವರೆಗೆ ಹೋಗಿ ವಾಪಸು ಬಂದೆ, ಯಾಕೆಂದರೆ ಕೈಗೆ ಆ ಕೆಲಸ ಬೇಕಾಗಿತ್ತು. ಈಗಲೂ ಬೇಕು. ಗಾಜು ಕೆಂಪಗೆ ಕಾದು ಜೇನಿನಂತೆ ಇಳಿಯುವಾಗ ನನಗೆ ಈ ಮನೆಯ ಯಾವ ಚಿಂತೆಯೂ ನೆನಪಾಗುವುದಿಲ್ಲ. ಆ ಮೇಜು ಹೋದರೆ ನಾನು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಲಿ, ಅದನ್ನೂ ನೀನೇ ತೀರ್ಮಾನ ಮಾಡಿಬಿಡು.

ಈಗ ಚೂರಿನ ಮಾತು. ಏಳನ್ನೂ ಬಿಳಿ ಬಟ್ಟೆಯ ಮೇಲೆ ಹರಡಿ ನೋಡಿದೆ. ಬಿರುಕು ಎಲ್ಲೂ ಅಡ್ಡ ಹೋಗಿಲ್ಲ. ಕೆಂಪು ಎಸಳಿನ ಅಂಚು ಹಿಡಿದುಕೊಂಡೇ ಸುತ್ತು ಬಂದಿದೆ. ಅಂದರೆ ಕೆಂಪಿಗೂ ಬಿಳಿಗೂ ಕೂಡಿಬಂದಿಲ್ಲ. ಗಾಜು ಆರುವಾಗ ಕುಗ್ಗುತ್ತದೆ, ಒಂದೊಂದು ಕಂಪನಿಯದು ಒಂದೊಂದು ಥರ. ಒಂದೇ ಪೆಂಡೆಂಟಿನಲ್ಲಿ ಒಂದು ಹೆಚ್ಚು, ಒಂದು ಕಡಿಮೆ ಕುಗ್ಗಿದರೆ ಅವು ಒಂದನ್ನೊಂದು ಎಳೆದಾಡುತ್ತಲೇ ಇರುತ್ತವೆ. ಕುಲುಮೆಯಲ್ಲಿ ಎಷ್ಟು ದಿನ ಇಟ್ಟರೂ ಆ ಜಗಳ ತೀರುವುದಿಲ್ಲ.

ಪರೀಕ್ಷೆ ಮಾಡಿದೆ. ಕೆಂಪು ಕಡ್ಡಿಗಳ ಡಬ್ಬಿಯಿಂದ ಒಂದು, ಬಿಳಿಯದೊಂದು. ಎರಡರ ತುದಿಯನ್ನೂ ಪಕ್ಕಪಕ್ಕದಲ್ಲಿ ಕಾಯಿಸಿ, ಅಂಟಿಸಿ, ದಾರದಂತೆ ಎಳೆದೆ. ಎರಡೂ ಒಂದೇ ಜಾತಿಯಾದರೆ ಎಳೆ ಆರಿದ ಮೇಲೆ ನೆಟ್ಟಗಿರಬೇಕು. ಮೊದಲನೆಯದು ನೆಟ್ಟಗಿತ್ತು. ಎರಡನೆಯ ಕೆಂಪು ಕಡ್ಡಿ ತೆಗೆದುಕೊಂಡೆ. ಎಳೆ ಮೇಜಿನ ಮೇಲೆ ಆರುತ್ತಾ ಆರುತ್ತಾ ಬಿಲ್ಲಿನಂತೆ ಬಾಗಿತು. ಒಂದೇ ಡಬ್ಬಿಯಲ್ಲಿ ಎರಡು ಜಾತಿಯ ಕೆಂಪು ಇದೆ. ಕಣ್ಣಿಗೆ ಎರಡೂ ಒಂದೇ.

ಇದನ್ನು ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ. ಮಾವ ಕಡ್ಡಿಗಳನ್ನು ಎಂದೂ ಬಣ್ಣದ ಪ್ರಕಾರ ಇಟ್ಟವರಲ್ಲ, ಕಂಪನಿಯ ಪ್ರಕಾರ ಇಡುತ್ತಿದ್ದರು. ಹಳೆಯ ಕಂಪನಿಯವೆಲ್ಲ ದೊಡ್ಡ ಜಾಡಿಯಲ್ಲಿ, ಎಲ್ಲ ಬಣ್ಣ ಕಲಸುಮೇಲೋಗರವಾಗಿ. ಆ ಕಂಪನಿಯಲ್ಲಿ ಕೆಂಪು ಸಿಗದ ವರ್ಷ ಬೇರೆ ಕಂಪನಿಯಿಂದ ತಂದ ಕೆಂಪು ಮಾತ್ರ ಬಿಸ್ಕತ್ತಿನ ಡಬ್ಬಿಯಲ್ಲಿ. ಅದನ್ನು ಬರೀ ಕೆಂಪು ಮಣಿಗೆ ಬಳಸಬೇಕು, ಇನ್ನೊಂದು ಬಣ್ಣದ ಜೊತೆ ಸೇರಿಸಬಾರದು. ಕಡ್ಡಿಯ ಮೇಲೆ ಯಾವ ಗುರುತೂ ಇಲ್ಲ. ಡಬ್ಬಿಯೇ ಗುರುತು.

ಮಾವ ತೀರಿಕೊಂಡು, ನಾವು ಆಸ್ಪತ್ರೆಯಿಂದ ಮನೆಗೆ ಬಂದಾಗ ನೋಡುತ್ತೇನೆ, ಕಡ್ಡಿಗಳೆಲ್ಲ ಬಣ್ಣ ಬಣ್ಣವಾಗಿ ಬೇರೆ ಬೇರೆ ಡಬ್ಬಿಗಳಲ್ಲಿ ಜೋಡಿಸಿವೆ. ತನ್ನ ಟವೆಲು ಮಡಚಿಟ್ಟು ಗೊತ್ತಿಲ್ಲದ ಮನುಷ್ಯ, ಆಸ್ಪತ್ರೆಗೆ ಹೊರಡುವ ಮೊದಲು ನನಗೋಸ್ಕರ ಇಷ್ಟು ಮಾಡಿಟ್ಟು ಹೋದರು, ಕೂಡದ ಕೆಂಪನ್ನು ಎಸೆದು ಒಳ್ಳೆಯದನ್ನಷ್ಟೇ ಉಳಿಸಿದ್ದಾರೆ ಎಂದುಕೊಂಡೆ. ಡಬ್ಬಿಗಳ ಮುಂದೆ ಕೂತು ಅತ್ತೆ. ಅವರ ಕೊನೆಯ ಕೆಲಸ ಎಂದು ಒಂದು ಕಡ್ಡಿಯನ್ನೂ ಆಚೀಚೆ ಮಾಡಲಿಲ್ಲ. ಆ ಡಬ್ಬಿಯಿಂದಲೇ ಹೂ ಮಾಡಿದೆ. ಅವರ ಕಣ್ಣು ಆಗಲೇ ಹೋಗಿತ್ತೋ, ಬುದ್ಧಿಯೋ. ತಪ್ಪು ನಿಮ್ಮಪ್ಪನದು. ನನ್ನದಲ್ಲ.

ಅತ್ತಿಗೆ

*

ಮಾರ್ಚ್ 26

ಅತ್ತಿಗೆಯವರಿಗೆ,

ನನ್ನ ಬಲ್ಬಾಯಿತು, ಬಚ್ಚಲಿನ ಹಬೆಯಾಯಿತು, ಕೊನೆಗೆ ಸತ್ತುಹೋದ ಅಪ್ಪನ ತಲೆಗೆ ಕಟ್ಟಿದಿರಿ. ಅವರಿಗೆ ಬುದ್ಧಿ ಹೋಗಿತ್ತು ಎಂದು ಬರೆಯಲು ನಿಮಗೆ ಕೈ ಹೇಗೆ ಬಂತು?

ಕಡ್ಡಿ ಜೋಡಿಸಿದ್ದು ಅಪ್ಪ ಅಲ್ಲ. ನಾನು.

ಹೌದು, ನಾನೇ. ಡಬ್ಬಿಯ ಮೇಲೆ "ಮುಟ್ಟಬೇಡಿ" ಎಂದು ಬರೆದಿತ್ತೇ? ಡಬ್ಬಿಯೇ ಗುರುತು ಎಂದು ನನಗೆ ಯಾರಾದರೂ, ಯಾವತ್ತಾದರೂ ಹೇಳಿದ್ದರೇ? ನೀವಿಬ್ಬರೂ ಆಸ್ಪತ್ರೆಯಲ್ಲಿದ್ದಿರಿ. ಒಳಗೆ ಒಬ್ಬರಿಗಷ್ಟೇ ಜಾಗ, ನೀವು ಅಪ್ಪನ ಹತ್ತಿರ, ಅಣ್ಣ ಹೊರಗಿನ ಬೆಂಚಿನಲ್ಲಿ, ನಾನು ಮನೆ ಕಾಯಲು. ಯಾವಾಗ ಫೋನ್ ಬರುತ್ತದೋ ಎಂದು ಕಾಯುತ್ತಾ ಮನೆಯೆಲ್ಲ ಸುತ್ತಿ, ಕೊನೆಗೆ ಅಪ್ಪನ ಮೇಜಿನ ಮುಂದೆ ಹೋಗಿ ಕೂತೆ. ಜೀವಮಾನದಲ್ಲೇ ಮೊದಲ ಸಲ ಆ ಸ್ಟೂಲಿನ ಮೇಲೆ ಕೂತದ್ದು. ಕಡ್ಡಿಗಳನ್ನು ಒಂದೊಂದಾಗಿ ಒರೆಸಿ ಬಣ್ಣ ಬಣ್ಣವಾಗಿ ಇಟ್ಟೆ. ಅಪ್ಪ ಬಂದು ನೋಡಿದರೆ ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಫೋನ್ ಬಂದಾಗ ನನ್ನ ಕೈಯಲ್ಲಿ ನೀಲಿ ಕಡ್ಡಿಗಳಿದ್ದವು. ಬಿಸ್ಕತ್ತಿನ ಡಬ್ಬಿ ಖಾಲಿಯಾಗಿತ್ತು, ತೊಳೆದು ಬಟ್ಟೆ ಕ್ಲಿಪ್ಪು ಹಾಕಿಟ್ಟೆ. ಬೇಕಾದರೆ ನೋಡಿಕೊಳ್ಳಿ.

ಚಿಕ್ಕವಳಿದ್ದಾಗ ಎಷ್ಟು ಸಲ ಕೇಳಿದೆ. "ಸುಟ್ಕೋತೀಯ, ಆಚೆ ಹೋಗು" ಅನ್ನುತ್ತಿದ್ದರು. ನೀವು ಈ ಮನೆಗೆ ಬಂದು ಒಂದು ವರ್ಷವಾಗಿರಲಿಲ್ಲ, ನಿಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಆಗಲೂ ಬಂದು ಕೇಳಿದೆ, "ಅಪ್ಪಾ, ನಂಗೂ ಕಲಿಸು." ಏನು ಹೇಳಿದರು ಗೊತ್ತೇ? "ನಿಮ್ಮತ್ತಿಗೆಗೆ ಇಷ್ಟ ಆಗಲ್ಲಮ್ಮ. ಇನ್ನೊಬ್ಬರು ಮೇಜಿನ ಹತ್ತಿರ ಬಂದ್ರೆ ಅವಳಿಗೆ ಆಗೋದಿಲ್ಲ. ನೀನು ಮಾರಾಟ ನೋಡ್ಕೋ." ಆಸ್ಪತ್ರೆಯ ಆ ಒಂದು ದಿನ ಬಿಟ್ಟರೆ, ಅಂದಿನಿಂದ ನಾನು ಆ ಕೋಣೆಯ ಬಾಗಿಲು ದಾಟಿ ಒಳಗೆ ಬಂದಿಲ್ಲ. ಹೊಸಿಲಲ್ಲೇ ನಿಂತು ಪೆಂಡೆಂಟು ಎಣಿಸಿಕೊಂಡು ಹೋಗಿದ್ದೇನೆ.

ಸುಟ್ಟ ಗಾಯದ ಲೆಕ್ಕ ಕೊಟ್ಟಿರಲ್ಲ. ನನ್ನ ಕೈಯಲ್ಲಿ ಒಂದೂ ಇಲ್ಲ. ನನ್ನ ಹೊಟ್ಟೆಯುರಿ ಅದೇ.

ವ್ಯಾನು 20ಕ್ಕೇ ಬರುತ್ತದೆ.

ಚೂಟಿ

*

ಮಾರ್ಚ್ 31

ಚೂಟಿಗೆ,

ಬಿಸ್ಕತ್ತಿನ ಡಬ್ಬಿ ನೋಡಿದೆ. ಕ್ಲಿಪ್ಪುಗಳಿವೆ. ಆರು ತಿಂಗಳಿಂದ ಅದರಿಂದಲೇ ಕ್ಲಿಪ್ಪು ತೆಗೆದು ಬಟ್ಟೆ ಒಣಹಾಕುತ್ತಿದ್ದೇನೆ, ನನ್ನ ಬುದ್ಧಿಗಿಷ್ಟು! ಅದಕ್ಕಿಂತ ಹೊಟ್ಟೆ ಉರಿಯುವುದು ಏನೆಂದರೆ, ನಾನು ಅಷ್ಟು ಅತ್ತದ್ದು ನೀನು ಜೋಡಿಸಿದ ಕಡ್ಡಿಗೆ. ಆ ಕಣ್ಣೀರನ್ನು ಈಗ ಯಾರ ಹತ್ತಿರ ವಾಪಸು ಕೇಳಲಿ? ಮಾವನ ಬುದ್ಧಿಯ ಬಗ್ಗೆ ಬರೆದದ್ದನ್ನು ಹೊಡೆದುಹಾಕು. ಅವರ ಬುದ್ಧಿ ಬೇಕಾದ್ದಕ್ಕಿಂತ ಹೆಚ್ಚೇ ಚೆನ್ನಾಗಿತ್ತು.

ನನಗೆ ಇಷ್ಟವಾಗುವುದಿಲ್ಲ ಎಂದು ನಾನು ಹೇಳಿದೆನೇ? ಯಾವಾಗ? ಯಾರ ಮುಂದೆ? ನನಗೆ ಅವರು ಹೇಳಿದ್ದು ಕೇಳು. "ಅವಳಿಗೆ ಬೆಂಕಿ ಅಂದ್ರೆ ಭಯ. ವ್ಯಾಪಾರ ಅಂದ್ರೆ ಪ್ರಾಣ. ಅವಳನ್ನ ಇಲ್ಲಿಗೆ ಎಳೀಬೇಡ, ಬೇಜಾರು ಮಾಡ್ಕೋತಾಳೆ." ಒಮ್ಮೆ ನೀನು ಬಂದಾಗ "ಬಾರೇ, ಒಂದು ಮಣಿ ಮಾಡು" ಎಂದು ಕರೆಯಲು ಬಾಯಿ ತೆರೆದಿದ್ದೆ. ಮಾವ ಮೇಜಿನ ಕೆಳಗಿಂದ ನನ್ನ ಕಾಲು ಒತ್ತಿದರು. ಸುಮ್ಮನಾದೆ. ನೀನು ಹೊಸಿಲಲ್ಲಿ ನಿಂತು ಎಣಿಸಿಕೊಂಡು ಹೋದೆ. ಸೊಕ್ಕು ನೋಡು, ಒಳಗೆ ಕಾಲಿಟ್ಟರೆ ಮಸಿಯಾಗುತ್ತದೆ ಎಂದುಕೊಂಡಿದ್ದಾಳೆ ಎಂದು ಬೈದುಕೊಂಡೆ. ಇಷ್ಟು ವರ್ಷವೂ ಬೈದುಕೊಂಡಿದ್ದೇನೆ.

ಇಬ್ಬರಿಗೂ ಒಂದೊಂದು ಸುಳ್ಳು ಹೇಳಿ ನಡುವೆ ತಣ್ಣಗೆ ಕೂತಿದ್ದರು ಮಹಾರಾಯರು!

ಯಾಕೆ ಎಂದು ಎರಡು ದಿನದಿಂದ ಯೋಚಿಸುತ್ತಿದ್ದೇನೆ. ಗೊತ್ತಾದ ಮೇಲೆ ಇನ್ನೂ ಸಿಟ್ಟು ಬಂತು. ಮಗಳ ಕೈ ಸುಡಬಾರದು. ಸೊಸೆಯ ಕೈ ಸುಟ್ಟರೆ ನಡೆಯುತ್ತದೆ. ಇಷ್ಟೇ ವಿಷಯ. ನಿನ್ನನ್ನು ದೂರ ಇಟ್ಟದ್ದು ನಿನ್ನ ಮೇಲಿನ ಮಮತೆ. ನನ್ನನ್ನು ಹತ್ತಿರ ಕೂರಿಸಿಕೊಂಡದ್ದಕ್ಕೆ ಮಮತೆ ಎಂದು ಹೆಸರಿಟ್ಟುಕೊಂಡು ಹತ್ತು ವರ್ಷ ಹೆಮ್ಮೆಪಟ್ಟವಳು ನಾನು. ಆ ಮಮತೆ ನಿನಗೆ ಶಿಕ್ಷೆಯಾಯಿತು. ಅದು ಇಲ್ಲದ್ದರಿಂದ ನನಗೆ ಒಂದು ಕೆಲಸ ಸಿಕ್ಕಿತು. ಫೋಟೋದ ಮುಂದೆ ನಿಂತು ಬಾಯಿಗೆ ಬಂದಂತೆ ಬೈದೆ. ನಿಮ್ಮಣ್ಣ ಪೇಪರನ್ನು ಇನ್ನಷ್ಟು ಅಗಲವಾಗಿ ಬಿಡಿಸಿ ಹಿಡಿದರು.

ನಿನಗೂ ಎರಡು ಮಾತು ಇದೆ. ಮಾವ ಹೇಳಿದರೆ ನೀನು ನಂಬುವುದೇ? ಒಂದು ಸಲ ಬಂದು "ಅತ್ತಿಗೆ, ಹೌದಾ?" ಎಂದು ಕೇಳಲು ಏನು ಧಾಡಿಯಾಗಿತ್ತು? ನಾನೂ ಕೇಳಲಿಲ್ಲ ಎನ್ನುತ್ತೀಯ. ಹೌದು, ಕೇಳಲಿಲ್ಲ.

ಬಿಳಿ-ಕೆಂಪಿನ ಪೆಂಡೆಂಟು ಒಂದನ್ನೂ ಕೌಂಟರಿನಲ್ಲಿ ಇಡಬೇಡ. ಚೆನ್ನಾಗಿ ಕಂಡರೂ ಇಡಬೇಡ. ಯಾವುದರಲ್ಲಿ ಯಾವ ಕೆಂಪಿದೆ ಎಂದು ಈಗ ಯಾರಿಗೂ ಗೊತ್ತಿಲ್ಲ. ಕೊಂಡುಹೋದವರನ್ನು ಕರೆಸಿ ವಾಪಸು ತೆಗೆದುಕೋ, ಗಾಜು ಕೊರಳಲ್ಲಿ ಒಡೆಯುವುದು ಆಟವಲ್ಲ. ಕೆಂಪು ಕಡ್ಡಿಗಳನ್ನು ನಾನು ಒಂದೊಂದಾಗಿ ಎಳೆದು ನೋಡಿ ಬೇರೆ ಮಾಡುತ್ತಿದ್ದೇನೆ.

ಮೇಜು ಮಾತ್ರ ಕೊಡುವುದಿಲ್ಲ. ಸೊಸೆಗೆ ಹಕ್ಕಿಲ್ಲ ಎಂದು ಯಾರನ್ನಾದರೂ ಕರೆಸಿ ಹೇಳಿಸು. ವ್ಯಾನಿನವನು ಬಂದರೆ ಮೇಜಿನ ಜೊತೆ ನನ್ನನ್ನೂ ಎತ್ತಿ ಹಾಕಿಕೊಂಡು ಹೋಗಬೇಕಾಗುತ್ತದೆ. ನಾನು ಹಗುರ ಇಲ್ಲ.

ಅತ್ತಿಗೆ

*

ಏಪ್ರಿಲ್ 9

ಚೂಟಿ,

ಕಾರ್ಡು ಹಾಕುತ್ತಿದ್ದೇನೆ, ಪೋಸ್ಟ್‌ಮ್ಯಾನ್ ಓದಿದರೆ ಓದಲಿ. ಪತ್ರ ಬಂತೋ ಇಲ್ಲವೋ? ಕೆಂಪಿನವನ್ನು ಕೌಂಟರಿನಿಂದ ತೆಗೆದೆಯೋ ಇಲ್ಲವೋ? ನನ್ನ ಮೇಲಿನ ಸಿಟ್ಟನ್ನು ಗಿರಾಕಿಗಳ ಕೊರಳಿಗೆ ಕಟ್ಟಬೇಡ. ಮೌನ ನಿಮ್ಮಣ್ಣನೊಬ್ಬರಿಗೆ ಸಾಕು.

ಅತ್ತಿಗೆ

*

ಏಪ್ರಿಲ್ 12

ಅತ್ತಿಗೆಯವರಿಗೆ,

ಪತ್ರ ಬಂತು. ಕಾರ್ಡೂ ಬಂತು. ತೆಗೆದಿದ್ದೇನೆ. ಕೊಂಡವರ ಮನೆಮನೆಗೆ ಹೋಗಿ ವಾಪಸು ಇಸಿದುಕೊಂಡು ಬಂದಿದ್ದೇನೆ, ಅದಕ್ಕೇ ಬರೆಯಲು ಆಗಲಿಲ್ಲ. ಒಬ್ಬಾಕೆ ಕೊಡುವುದೇ ಇಲ್ಲ ಎಂದು ಹಟ ಹಿಡಿದಳು. "ಇದು ಒಡೆಯಲ್ಲ ಬಿಡಿ, ನಂಗೆ ಇಷ್ಟ" ಅಂದಳು. ನಿಮ್ಮ ಕಾರ್ಡು ತೋರಿಸಿದೆ. ಓದಿ, ತೆಗೆದು ಕೊಟ್ಟಳು.

ಬರೆಯಲಾಗದ್ದಕ್ಕೆ ಅದೊಂದೇ ಕಾರಣವಲ್ಲ. ಎರಡು ಸಲ ಬರೆದು ಹರಿದೆ. ಅಪ್ಪನ ಮೇಲೆ ನನಗೆ ಇಷ್ಟು ಸಿಟ್ಟು ಬರಬಹುದೆಂದು ಗೊತ್ತಿರಲಿಲ್ಲ. ಸಿಟ್ಟು ಮಾಡೋಣವೆಂದರೆ ಅವರಿಲ್ಲ. ನಿಮ್ಮ ಮೇಲೆ ಮಾಡಿಕೊಂಡ ಸಿಟ್ಟೆಲ್ಲ ಅವರ ಮೇಲೆ ಮಾಡಬೇಕಾಗಿದ್ದದ್ದು. ನನ್ನ ಕೈ ಕಾಪಾಡಿದರಂತೆ! ಈ ಕೈ ಇಟ್ಟುಕೊಂಡು ನಾನು ಪೆಂಡೆಂಟಿಗೆ ಚೀಟಿ ಕಟ್ಟಿದೆ, ಚಿಲ್ಲರೆ ಎಣಿಸಿದೆ.

ಗಾಜಿನ ಕೆಲಸದವನಿಗೆ ಬರುವುದು ಬೇಡ ಎಂದು ಹೇಳಿದ್ದೇನೆ. ವ್ಯಾನಿಗೆ ಬೇಡ ಎಂದಿಲ್ಲ. 20ಕ್ಕೆ ನಾನೇ ಅದರಲ್ಲಿ ಕೂತು ಬರುತ್ತೇನೆ. ವಾಪಸು ಹೋಗುವಾಗ ಅದು ಖಾಲಿ ಹೋಗಲಿ.

ನನಗೆ ನಲವತ್ತು ದಾಟಿದೆ. ಕನ್ನಡಕ ಇಲ್ಲದೆ ಸೂಜಿ ಪೋಣಿಸಲಾಗುವುದಿಲ್ಲ. ಆದರೂ ಕೇಳುತ್ತಿದ್ದೇನೆ, ಅತ್ತಿಗೆ, ನನಗೆ ಕಲಿಸುತ್ತೀರಾ? ಇಲ್ಲ ಎಂದರೆ ಇಲ್ಲ ಎಂದು ನೀವೇ ಬರೆಯಿರಿ. ಇನ್ನೊಬ್ಬರ ಬಾಯಿಂದ ಕೇಳಿ ಕೇಳಿ ನನಗೆ ಸಾಕಾಗಿದೆ.

ಚೂಟಿ

*

ಏಪ್ರಿಲ್ 15

ಚೂಟಿಗೆ,

ಇದೇನು ಕೇಳುವ ರೀತಿ! ಮೊದಲು ಮೇಜು ಕಿತ್ತುಕೊಳ್ಳಲು ವ್ಯಾನು ಗೊತ್ತು ಮಾಡಿ, ಆಮೇಲೆ ಅದೇ ವ್ಯಾನಿನಲ್ಲಿ ಶಿಷ್ಯೆಯಾಗಿ ಬರುತ್ತೀಯ. ಬಾ.

ಹತ್ತಿ ಬಟ್ಟೆ ಉಟ್ಟು ಬಾ. ನೈಲಾನಿನದು ಒಂದು ಕಿಡಿ ಬಿದ್ದರೆ ಮೈಗೆ ಅಂಟಿಕೊಳ್ಳುತ್ತದೆ. ಕೂದಲು ಎತ್ತಿ ಕಟ್ಟು. ಬಳೆ, ಉಂಗುರ ಮನೆಯಲ್ಲೇ ಬಿಟ್ಟು ಬಾ. ಕನ್ನಡಕ ಇದ್ದರೇನಾಯಿತು, ಇಲ್ಲಿ ಎಲ್ಲರೂ ಕನ್ನಡಕ ಹಾಕಿಕೊಂಡೇ ಕೂರಬೇಕು. ನಿಮ್ಮಣ್ಣನಿಗೆ ಇನ್ನೊಂದು ಸ್ಟೂಲು ತರಲು ಹೇಳಿದೆ. "ಹ್ಞೂಂ" ಎಂದು ಹೋಗಿ ತಂದರು. ಕಾಲೊಂದು ಗಿಡ್ಡವಿದೆ, ಅದರ ಮೇಲೆ ನೀನೇ ಕೂರಬೇಕು.

ಬರ್ನರ್ ಇರುವುದು ಒಂದೇ. ಬೆಳಿಗ್ಗೆ ನನ್ನದು, ಮಧ್ಯಾಹ್ನ ನಿನ್ನದು. ಮೊದಲು ನೀನು ಮಾಡಿದ್ದೆಲ್ಲ ಒಡೆಯುತ್ತದೆ. ಅಳಬೇಕೆನ್ನಿಸಿದರೆ ಅಡುಗೆಮನೆಗೆ ಹೋಗು, ಅಲ್ಲಿ ಯಾರೂ ನೋಡುವುದಿಲ್ಲ. ಆದರೆ ವಾಪಸು ಬರಬೇಕು. ಮೃದುವಾಗಿ ಕಲಿಸುತ್ತೇನೆ ಎಂದುಕೊಂಡು ಬರಬೇಡ. ನನಗೆ ಕಲಿಸಿದವರು ಯಾರೆಂದು ನಿನಗೆ ಗೊತ್ತಲ್ಲ, ನನಗೆ ಬೇರೆ ಥರ ಬರುವುದಿಲ್ಲ. ಹತ್ತು ವರ್ಷ ಆ ಮನುಷ್ಯ ನನಗೆ ಬೈದದ್ದರಲ್ಲಿ ಅರ್ಧ ನ್ಯಾಯವಾಗಿ ನಿನ್ನ ಪಾಲಿನದು. ಅಷ್ಟನ್ನೂ ಒಂದು ಅಕ್ಷರ ಬಿಡದೆ ನಿನಗೆ ಒಪ್ಪಿಸುತ್ತೇನೆ.

ಅತ್ತಿಗೆ